ಬೀದರ್‌ನಲ್ಲಿ ಮನೆಯೊಳಗೆ ಆಕ್ಟೋಪಸ್ ಸಾಕೋದು ಆಗುತ್ತಾ?

ಚೌಬಾರಾ ಹುಡುಗ (ಬೀದರ್)

ಎಲ್ಲರಿಗೂ ನಮಸ್ಕಾರ. ನಗ್ತೀರಿ ಅಂತ ಗೊತ್ತು, ಆದರೂ ಕೇಳುತ್ತೇನೆ. ಮನೆಯಲ್ಲಿ ಒಂದು ಆಕ್ಟೋಪಸ್ ಸಾಕಬೇಕು ಅಂತ ತಲೆಯಲ್ಲಿ ಹೊಕ್ಕಿದೆ.

ನಮ್ಮದು ಹಳೇ ಊರು, ಚೌಬಾರಾ ಹತ್ತಿರ. ಮುಂದಿನ ಹಾಲ್‌ನಲ್ಲಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಇದೆ. ಗೋಲ್ಡ್ ಫಿಶ್ ಇವೆ, ದಪ್ಪಗೆ ಆರಾಮಾಗಿವೆ. ಬಸವನಹುಳು ಮಾತ್ರ ನಮ್ಮಲ್ಲಿ ನಿಲ್ಲೋದಿಲ್ಲ. ಗಾಜಿನ ಮೇಲಿನ ಪಾಚಿ ತಿನ್ನಲಿ ಅಂತ ತಂದು ಬಿಟ್ಟರೆ ವಾರದೊಳಗೆ ಚಿಪ್ಪು ತಳದಲ್ಲಿ ಬಿದ್ದಿರುತ್ತದೆ. ಇರಲಿ, ಅದು ಬೇರೆ ವಿಷಯ.

ಅಪ್ಪ ಬಿದ್ರಿ ಕೆಲಸ ಮಾಡುತ್ತಾರೆ. ಹಿಂದಿನ ಕೋಣೆಯೇ ಕಾರ್ಖಾನೆ. ಸಂಜೆ ಉಳಿ ಕೆಳಗಿಟ್ಟು ಎದ್ದು ಬಂದವರೇ ಕೈಯಿಂದ ಮೀನಿಗೆ ಕಾಳು ತಿನ್ನಿಸುತ್ತಾರೆ. ಅವು ಬೆರಳು ಚೀಪುತ್ತವೆ. ಆಕ್ಟೋಪಸ್ ಬಂದರೆ ಎಂಟು ಕೈಯಿಂದ ಹಿಡಿದುಕೊಳ್ಳುತ್ತದೆ ಅಂತ ಅವರಿಗೂ ಖುಷಿ.

ಹೈದರಾಬಾದ್‌ನ ಒಂದು ಅಂಗಡಿಯವರು ತರಿಸಿಕೊಡುತ್ತೇನೆ, ಅಡ್ವಾನ್ಸ್ ಹಾಕಿ ಅಂದಿದ್ದಾರೆ. ಯಾವ ಜಾತಿ ಅಂದರೆ "ಸಮುದ್ರದ್ದು ಸಾರ್, ಬೇಬಿ ಪೀಸ್" ಅಂದರು. ನನ್ನ ಅನುಮಾನ ಇಷ್ಟು. ಸಿಹಿನೀರಿಗೆ ಸ್ವಲ್ಪ ಉಪ್ಪು ಹಾಕಿದರೆ ಹೊಂದಿಕೊಳ್ಳುತ್ತಾ? ನೀರಿನ ಚಿಂತೆ ಇಲ್ಲ, ನಲ್ಲಿ ನೀರನ್ನು ರಾತ್ರಿ ತಾಮ್ರದ ಹಂಡೆಯಲ್ಲಿ ತುಂಬಿಟ್ಟು ಕ್ಲೋರಿನ್ ಹೋದ ಮೇಲೆ ಬೆಳಿಗ್ಗೆ ಹಾಕುತ್ತೇನೆ. ಮೇ ತಿಂಗಳ ಬಿಸಿಲಿಗೆ ಏನು ಮಾಡೋದು? ತಿನ್ನೋಕೆ ಮಾಂಜ್ರಾ ನದಿ ಏಡಿ ನಡೆಯುತ್ತಾ? ಯಾರಾದರೂ ಸಾಕಿದವರು, ನೋಡಿದವರು ಇದ್ದರೆ ಹೇಳಿ.

ಯಾದಗಿರಿ ಕೋಟೆ

ಅಣ್ಣಾ, ಸುಮ್ನೆ ಇನ್ನೆರಡು ಗೋಲ್ಡ್ ಫಿಶ್ ಬಿಡು. ನಮ್ಮಲ್ಲಿ ಮನುಷ್ಯರಿಗೇ ಬ್ಯಾಸಗಿಯಲ್ಲಿ ನೀರಿಲ್ಲ, ನೀನು ಮನೆಯಲ್ಲಿ ಸಮುದ್ರ ಮಾಡ್ತೀನಿ ಅಂತೀಯಲ್ಲ.

ಉಪ್ಪುನೀರು (ಕಲಬುರಗಿ)

ತಮ್ಮಾ, ನಿನ್ನ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀನು ಕೇಳಿದ್ದಕ್ಕಿಂತ ಸುಮ್ನೆ ಹೇಳಿ ಬಿಟ್ಟ ಮಾತುಗಳಲ್ಲೇ ಉತ್ತರ ಜಾಸ್ತಿ ಇದೆ.

ನಾನು ಪಿಯು ಕಾಲೇಜಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಕಲಬುರಗಿಯ ಮನೆಯಲ್ಲಿ ಕೆಲವು ವರ್ಷಗಳಿಂದ ಉಪ್ಪುನೀರಿನ ಟ್ಯಾಂಕ್ ಇದೆ. ಒಂದು ಜೋಡಿ ಕ್ಲೌನ್ ಫಿಶ್, ಒಂದು ಕ್ಲೀನರ್ ಸಿಗಡಿ, ಕೆಲವು ಸನ್ಯಾಸಿ ಏಡಿ. ಆಕ್ಟೋಪಸ್ ಸಾಕಿಲ್ಲ. ಹಾಗಾಗಿ ನೀರಿನ ಬಗ್ಗೆ ಹೇಳುತ್ತೇನೆ, ಪ್ರಾಣಿಯ ಬಗ್ಗೆ ತಿಳಿದವರು ಹೇಳಲಿ.

ಮೊದಲು ನಿನ್ನ ಬಸವನಹುಳು. ಅದು ಬೇರೆ ವಿಷಯ ಅಂದೆಯಲ್ಲ, ಅಲ್ಲ. ಅದೇ ವಿಷಯ. ಮೀನು ದಪ್ಪಗೆ ಇದ್ದು ಬಸವನಹುಳು ಮಾತ್ರ ಸಾಯುತ್ತಿದ್ದರೆ ನನ್ನ ಮೊದಲ ಅನುಮಾನ ತಾಮ್ರದ ಮೇಲೆ. ಮೀನು ತಡೆಯುವಷ್ಟು ತಾಮ್ರವನ್ನು ಮೂಳೆ ಇಲ್ಲದ ಜೀವಗಳು ತಡೆಯೋದಿಲ್ಲ. ಉಪ್ಪುನೀರಿನ ಮೀನಿಗೆ ಬಿಳಿ ಚುಕ್ಕೆ ರೋಗ ಬಂದರೆ ಒಂದು ಲೀಟರಿಗೆ 0.15ರಿಂದ 0.25 ಮಿಲಿಗ್ರಾಂ ತಾಮ್ರ ಹಾಕಿ ವಾಸಿ ಮಾಡುತ್ತಾರೆ. ಅದೇ ನೀರಲ್ಲಿ ಸಿಗಡಿ, ಏಡಿ, ಬಸವನಹುಳು ಸತ್ತೇ ಹೋಗುತ್ತವೆ. ಆಕ್ಟೋಪಸ್ ಬಸವನಹುಳುವಿನ ಬಳಗದ್ದೇ. ಇಬ್ಬರೂ ಮೃದ್ವಂಗಿಗಳು. ಚಿಪ್ಪು ಇಲ್ಲ ಅಂತ ಬೇರೆ ಥರ ಕಾಣುತ್ತದೆ ಅಷ್ಟೆ.

ಈಗ ನಿನ್ನ ಮನೆ ನೋಡು. ನೀರು ರಾತ್ರಿಯಿಡೀ ತಾಮ್ರದ ಹಂಡೆಯಲ್ಲಿ ಕೂರುತ್ತದೆ. ಹಿಂದಿನ ಕೋಣೆಯಲ್ಲಿ ಬಿದ್ರಿ ಕೆಲಸ. ಬಿದ್ರಿಯ ಲೋಹ ಅಂದರೆ ಸತುವು ಜಾಸ್ತಿ, ತಾಮ್ರ ಸ್ವಲ್ಪ. ಎರಕ ಹೊಯ್ದ ಮೇಲೆ ಅರ ಹಾಕಿ ಉಜ್ಜುತ್ತಾರೆ, ಅದರ ಪುಡಿ ಗಾಳಿಯಲ್ಲಿ ಹಾರುತ್ತದೆ. ಚಿತ್ತಾರ ಕೊರೆಯುವ ಮುಂಚೆ ಗೆರೆ ಕಾಣಲಿ ಅಂತ ಮೈಲುತುತ್ತದ ನೀರು ಸವರಿ ಕಪ್ಪು ಮಾಡುತ್ತಾರೆ. ಮೈಲುತುತ್ತ ಅಂದರೆ ಕಾಪರ್ ಸಲ್ಫೇಟ್. ಬೆಳ್ಳಿ ತಂತಿ ಕೂರಿಸಿ ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಬಿಸಿ ಪಾತ್ರೆಗೆ ಹಚ್ಚುತ್ತಾರೆ. ನವಸಾಗರ ಅಂದರೆ ಅಮೋನಿಯಂ ಕ್ಲೋರೈಡ್. ಅಮೋನಿಯಾ ಟ್ಯಾಂಕಿನಲ್ಲಿ ಸೊನ್ನೆ ಇರಬೇಕು ಅಂತ ನಾವು ವಾರ ವಾರ ಟೆಸ್ಟ್ ಮಾಡುತ್ತೇವೆ. ಉಪ್ಪುನೀರಿನ ಪಿಎಚ್ 8.2ರ ಹತ್ತಿರ ಇರೋದರಿಂದ ಅಲ್ಲಿ ಅದರ ವಿಷ ಇನ್ನೂ ಜಾಸ್ತಿ.

ಆ ಕೈ ಸಂಜೆ ನೀರಿಗೆ ಇಳಿಯುತ್ತದೆ. ಅಪ್ಪನವರು ಕೈ ತೊಳೆಯುತ್ತಾರೆ ಅಂತ ನನಗೂ ಗೊತ್ತು. ಆದರೆ ಉಗುರು ಸಂದಿಯ ಪುಡಿ ತೊಳೆದರೆ ಹೋಗೋದಲ್ಲ. ಬೀದರ್‌ನಲ್ಲಿ ಆ ಕೆಲಸಗಾರರ ಬೆರಳು ನೋಡಿದ್ದೇನೆ. ಉಗುರಿನ ಬುಡದಲ್ಲಿ ಒಂದು ಕಪ್ಪು ಗೆರೆ, ಹೆಬ್ಬೆರಳ ಪಕ್ಕದಲ್ಲಿ ಉಳಿ ಕೂತು ಕೂತು ಆದ ಗಂಟು. ಆಕ್ಟೋಪಸ್ ತನ್ನ ಕೈಗಳಲ್ಲಿರುವ, ಹಿಡಿದು ಅಂಟಿಕೊಳ್ಳುವ ಬಟ್ಟಲುಗಳಿಂದಲೇ ರುಚಿ ನೋಡುವ ಪ್ರಾಣಿ. ಅಪ್ಪನವರ ಬೆರಳು ಹಿಡಿದರೆ ಮೊದಲು ಸಿಗೋದು ಆ ರುಚಿಯೇ.

ಇದಕ್ಕೆ ದಾರಿ ಇಲ್ಲ ಅಂತಲ್ಲ. ಟ್ಯಾಂಕ್ ಮಾಳಿಗೆ ಮೇಲಿನ ಕೋಣೆಗೆ ಹೋಗಬೇಕು. ಹಂಡೆ ಬಿಡಬೇಕು. ಆರ್‌ಒ ನೀರು, ಪ್ಲಾಸ್ಟಿಕ್ ಡ್ರಮ್, ಹಿತ್ತಾಳೆ ನಲ್ಲಿ ಕೂಡ ನಡುವೆ ಬರಬಾರದು. ಹಳೇ ಟ್ಯಾಂಕಿನ ಮರಳು, ಕಲ್ಲು ಯಾವುದನ್ನೂ ಒಯ್ಯಬೇಡ. ಸುಣ್ಣದ ಅಂಶ ಇರುವ ಕಲ್ಲು ತಾಮ್ರವನ್ನು ಹಿಡಿದಿಟ್ಟುಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತದೆ. ಒಂದು ಕಾಪರ್ ಟೆಸ್ಟ್ ಕಿಟ್ ತರಿಸಿ ಮೊದಲು ಹಂಡೆ ನೀರು, ಆಮೇಲೆ ಗೋಲ್ಡ್ ಫಿಶ್ ನೀರು ನೋಡು. ಅದಾದ ಮೇಲೆ ಮಾತಾಡೋಣ.

ಉಪ್ಪಿನ ಮಾತು. ಸ್ವಲ್ಪ ಉಪ್ಪು ಹಾಕಿದರೆ ಆಗುತ್ತಾ ಅಂದೆ. ಆಗಲ್ಲ. ಸಿಹಿನೀರಿನ ಆಕ್ಟೋಪಸ್ ಅನ್ನೋದೇ ಜಗತ್ತಿನಲ್ಲಿ ಇಲ್ಲ. ಒಂದು ಲೀಟರಿಗೆ ಸುಮಾರು 35 ಗ್ರಾಂ ಬೇಕು, ಅಡುಗೆ ಉಪ್ಪಲ್ಲ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸೇರಿದ ಸಮುದ್ರ ಉಪ್ಪಿನ ಮಿಶ್ರಣ. ನಿನ್ನ ಟ್ಯಾಂಕ್ ಅಂಚಿನವರೆಗೆ ತುಂಬಿದರೆ 255 ಲೀಟರ್ ಆಗುತ್ತದೆ. ಕಲ್ಲು, ಮರಳು ಕಳೆದು 220 ಅಂತ ಹಿಡಿ. ವಾರಕ್ಕೆ ಐದರಲ್ಲಿ ಒಂದು ಪಾಲು ಬದಲಿಸಿದರೆ 44 ಲೀಟರ್ ನೀರು, ಒಂದೂವರೆ ಕಿಲೋ ಉಪ್ಪು. ಅಷ್ಟು ಆರ್‌ಒ ನೀರು ತೆಗೆಯುವಾಗ ಅದರ ದುಪ್ಪಟ್ಟು, ಮುಪ್ಪಟ್ಟು ಮೋರಿಗೆ ಹೋಗುತ್ತದೆ. ಯಾದಗಿರಿಯವರು ತಮಾಷೆಗೆ ಹೇಳಿದರೂ ಅದು ತಮಾಷೆಯಲ್ಲ. ನಾನು ಆ ನೀರನ್ನು ಬಕೆಟ್‌ನಲ್ಲಿ ಹಿಡಿದು ನೆಲ ಒರೆಸೋಕೆ ಇಟ್ಟುಕೊಳ್ಳುತ್ತೇನೆ.

ಬಿಸಿಲು. ನಮ್ಮ ಕಡೆ ಗಾಳಿ ಒಣ, ಅದೊಂದು ಲಾಭ. ನೀರಿನ ಮೇಲೆ ಓರೆಯಾಗಿ ಸಣ್ಣ ಫ್ಯಾನ್ ಇಟ್ಟರೆ ನೀರು ಆರುತ್ತಾ ಮೂರ್ನಾಲ್ಕು ಡಿಗ್ರಿ ಇಳಿಯುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಇಷ್ಟು ಇಳಿಯೋದಿಲ್ಲ. ಆದರೆ ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ದಿನವೂ ಕಡಿಮೆಯಾದಷ್ಟು ಸಪ್ಪೆ ಆರ್‌ಒ ನೀರು ಸೇರಿಸಬೇಕು. ಎಷ್ಟೋ ಜನ ಇಲ್ಲಿ ಉಪ್ಪುನೀರನ್ನೇ ಸೇರಿಸಿ ಟ್ಯಾಂಕನ್ನು ಉಪ್ಪಿನಕಾಯಿ ಭರಣಿ ಮಾಡಿಬಿಡುತ್ತಾರೆ. ಇನ್ನು ಮೇ ತಿಂಗಳಲ್ಲಿ ಹೊರಗೆ 42 ಇದ್ದಾಗ ಫ್ಯಾನ್ ಸಾಲದು, ಚಿಲ್ಲರ್ ಬೇಕೇ ಬೇಕು. ಅದು ನೀರನ್ನು ತಂಪು ಮಾಡಿ ಬಿಸಿಯನ್ನು ಕೋಣೆಗೇ ಉಗುಳುತ್ತದೆ, ಕಿಟಕಿ ಪಕ್ಕ ಇಡು. ಕರೆಂಟ್ ಹೋದರೆ ಸಾದಾ ಇನ್ವರ್ಟರ್ ಮೇಲೆ ಚಿಲ್ಲರ್ ಗಂಟೆಗಟ್ಟಲೆ ಓಡೋದಿಲ್ಲ. ಆಗ ಗಾಳಿ ಬಿಡುವ ಬ್ಯಾಟರಿ ಪಂಪ್ ಆದರೂ ಇರಲಿ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಈ ಪ್ರಾಣಿಗೆ ಬೇಕಾಗೋದು ಜಾಸ್ತಿ.

ಫಿಶರೀಸ್ ಹಳೇ ವಿದ್ಯಾರ್ಥಿ (ಹುಮನಾಬಾದ್)

ಮೇಡಂ ನೀರಿನ ಬಗ್ಗೆ ಬಿಡಿಸಿ ಹೇಳಿದ್ದಾರೆ. ನಾನು ಪ್ರಾಣಿಯ ಬಗ್ಗೆ ಹೇಳುತ್ತೇನೆ. ಓದಿದ್ದು ಮಂಗಳೂರಿನ ಫಿಶರೀಸ್ ಕಾಲೇಜಲ್ಲಿ. ನಮ್ಮ ವಿಶ್ವವಿದ್ಯಾಲಯದ ಮುಖ್ಯ ಕಚೇರಿ ಬೀದರ್‌ನಲ್ಲಿ, ಮೀನಿನ ಕಾಲೇಜು ಸಮುದ್ರದ ಹತ್ತಿರ. ಹುಮನಾಬಾದ್‌ನಿಂದ ಅಷ್ಟು ದೂರ ಮೀನು ಓದೋಕೆ ಹೋದ್ಯಾ ಅಂತ ಊರಲ್ಲಿ ಈಗಲೂ ಕೇಳುತ್ತಾರೆ.

ಅಲ್ಲಿ ದಕ್ಕೆಯಲ್ಲಿ, ಅಂದರೆ ದೋಣಿ ನಿಲ್ಲುವ ಕಟ್ಟೆಯಲ್ಲಿ, ಟ್ರಾಲರ್ ಬಂದಾಗ ಬೊಂಡಾಸ್ (ಸ್ಕ್ವಿಡ್) ರಾಶಿಯಲ್ಲಿ ಆಕ್ಟೋಪಸ್ ಸಿಗುತ್ತಿತ್ತು. ಹೆಚ್ಚಿನವು ಬಲೆಯಲ್ಲಿ ಉಜ್ಜಿ ಚರ್ಮ ಸುಲಿದಿರುತ್ತವೆ, ಸಂಜೆಗೆ ಸಾಯುತ್ತವೆ. ಒಂದು ಮಾತ್ರ ಗಟ್ಟಿಯಾಗಿತ್ತು. ಗೆಳೆಯರೆಲ್ಲ ಸೇರಿ ಟ್ಯಾಂಕಿನಲ್ಲಿ ಇಟ್ಟಿದ್ದೆವು. ಸಮುದ್ರದ ನೀರು ಎದುರಿಗೇ ಇತ್ತು, ದಿನಾ ತಂದು ಬದಲಿಸುತ್ತಿದ್ದೆವು. ಆ ಸೌಕರ್ಯ ನಿಮಗಿಲ್ಲ ಅನ್ನೋದನ್ನು ನೆನಪಿಡಿ.

ಒಳಗೆ ಒಂದು ಮಣ್ಣಿನ ಕುಡಿಕೆ ಅಡ್ಡ ಹಾಕಿದ್ದೆವು. ಮೊದಲ ರಾತ್ರಿಯೇ ಅದರೊಳಗೆ ಹೋಗಿ ತಳದ ಕಲ್ಲುಗಳನ್ನು ಒಂದೊಂದಾಗಿ ಎಳೆದು ಬಾಯಿಗೆ ಅಡ್ಡ ಇಟ್ಟುಕೊಂಡಿತು. ಕಾಣುವುದು ಒಂದು ಕಣ್ಣು ಮಾತ್ರ. ಕಣ್ಣಿನ ಪಾಪೆ ಅಡ್ಡ ಗೆರೆ. ದೇಹ ಓರೆಯಾದರೂ ಆ ಗೆರೆ ಓರೆಯಾಗೋದಿಲ್ಲ, ನೆಲಕ್ಕೆ ಸಮ ಇರುತ್ತದೆ. ಏಡಿ ಬಿಟ್ಟರೆ ಕೂಡಲೇ ಬರೋದಿಲ್ಲ. ಮೈಮೇಲೆ ಸಣ್ಣ ಸಣ್ಣ ಮುಳ್ಳಿನಂಥ ಗುಳ್ಳೆ ಎದ್ದು, ಬಣ್ಣ ಒಮ್ಮೆ ಕಂದು ಒಮ್ಮೆ ಬೂದಿ ಆಗಿ, ಆಮೇಲೆ ಕೈಗಳ ನಡುವಿನ ಚರ್ಮವನ್ನು ಅಗಲ ಮಾಡಿ ಏಡಿಯ ಮೇಲೆ ಬೀಳುತ್ತಿತ್ತು. ಬೆಳಿಗ್ಗೆ ಕುಡಿಕೆಯ ಮುಂದೆ ಖಾಲಿ ಚಿಪ್ಪು ಬಿದ್ದಿರುತ್ತಿತ್ತು. ಒಳಗಿನದು ಪೂರಾ ಸ್ವಚ್ಛ. ಊಟ ಹಾಕುವವನು ಬಂದರೆ ಹೊರಗೆ ಬರುತ್ತಿತ್ತು, ಬೇರೆಯವರು ಬಂದರೆ ಇಲ್ಲ. ನನ್ನ ಮೇಲೆ ಅದಕ್ಕೆ ಯಾಕೋ ಸಿಟ್ಟು. ಮುಚ್ಚಳ ತೆಗೆದರೆ ಮುಖಕ್ಕೇ ನೀರು ಚಿಮ್ಮಿಸುತ್ತಿತ್ತು.

ಮುಚ್ಚಳದ ಮಾತು ಬಂತು. ಮೈಯಲ್ಲಿ ಗಟ್ಟಿ ಅನ್ನೋದು ಕೊಕ್ಕು ಒಂದೇ. ಕೊಕ್ಕು ತೂರಿದ ಕಿಂಡಿಯಲ್ಲಿ ಇಡೀ ಪ್ರಾಣಿ ತೂರುತ್ತದೆ. ನ್ಯೂಜಿಲೆಂಡಿನ ನೇಪಿಯರ್‌ನ ರಾಷ್ಟ್ರೀಯ ಅಕ್ವೇರಿಯಂನಲ್ಲಿ ಇಂಕಿ ಅನ್ನೋ ಆಕ್ಟೋಪಸ್ ಟ್ಯಾಂಕಿನಿಂದ ಇಳಿದು, ನೆಲದ ಮೇಲೆ ತೆವಳಿ, ಚರಂಡಿ ಪೈಪ್ ಹಿಡಿದು ಸಮುದ್ರ ಸೇರಿದ ಸುದ್ದಿ 2016ರಲ್ಲಿ ಎಲ್ಲ ಕಡೆ ಬಂದಿತ್ತು. ನಿಮ್ಮ ಮನೆಯಿಂದ ಇಳಿದರೆ ಚೌಬಾರಾ ರಸ್ತೆ ಸೇರುತ್ತದೆ. ಪೈಪು, ವೈರು ಹೋಗುವ ತೂತನ್ನೆಲ್ಲ ಬಿಗಿಯಾಗಿ ಮುಚ್ಚಿ, ಮುಚ್ಚಳಕ್ಕೆ ಚಿಲಕ ಹಾಕಬೇಕು. ಜೊತೆಗೆ ಬೇರೆ ಯಾವ ಜೀವವೂ ಬೇಡ. ಒಂದೋ ಅದು ತಿನ್ನುತ್ತದೆ, ಇಲ್ಲ ಮೀನು ಅದನ್ನು ಕಚ್ಚುತ್ತದೆ.

"ಬೇಬಿ ಪೀಸ್" ಅಂದರಲ್ಲ, ಅಲ್ಲಿ ಹುಷಾರು. ಚಿಕ್ಕದಿದ್ದರೆ ಮರಿ ಅಂತಲ್ಲ. ಸಣ್ಣ ಜಾತಿಯ ಪೂರ್ತಿ ಬೆಳೆದ ಪ್ರಾಣಿಯೂ ಆಗಿರಬಹುದು. ನೀಲಿ ಉಂಗುರದ ಆಕ್ಟೋಪಸ್ ಅಂಗೈಗಿಂತ ಚಿಕ್ಕದು, ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಕಡೆ ಸಿಗುತ್ತದೆ. ಸುಮ್ಮನಿದ್ದಾಗ ಉಂಗುರ ಮಂಕಾಗಿರುತ್ತದೆ, ಕೆಣಕಿದಾಗ ಹೊಳೆಯುತ್ತದೆ. ಕಚ್ಚಿದರೆ ನೋವೂ ಅಷ್ಟಾಗಿ ಗೊತ್ತಾಗಲ್ಲ, ಆಮೇಲೆ ಉಸಿರಾಟ ನಿಲ್ಲುತ್ತದೆ. ಅದಕ್ಕೆ ಪ್ರತಿವಿಷ ಇಲ್ಲ. ಜಾತಿಯ ಹೆಸರು ಹೇಳಲಾರದ ಅಂಗಡಿಯಿಂದ ಕೈಗೆ ಹಿಡಿಯುವ ಪ್ರಾಣಿ ತರಬೇಡಿ, ಅದರಲ್ಲೂ ಬೆರಳಿನಿಂದ ಊಟ ಹಾಕುವ ಅಪ್ಪ ಇರುವ ಮನೆಗೆ.

ಇನ್ನೊಂದು ವಿಷಯ. ಇಂಟರ್‌ನೆಟ್ಟಿನಲ್ಲಿ ಬರೆದವರು ಹೆಚ್ಚಾಗಿ ಕ್ಯಾಲಿಫೋರ್ನಿಯಾದ ಟೂ-ಸ್ಪಾಟ್ ಜಾತಿ ಸಾಕಿದವರು. ಅದು ತಂಪು ನೀರಿನದು, 20 ಡಿಗ್ರಿ ಆಸುಪಾಸು ಕೇಳುತ್ತದೆ. ನಮ್ಮ ಕಡಲಿನವು ಬೆಚ್ಚಗಿನ ನೀರಿಗೆ ಒಗ್ಗಿದವು, 26 ಇದ್ದರೂ ಆರಾಮ. ಅವರ ಲೆಕ್ಕ ಓದಿ ದೊಡ್ಡ ಚಿಲ್ಲರ್ ತಂದು ದುಡ್ಡು ಹಾಕಬೇಡಿ.

ಆಯಸ್ಸು ಹೇಳದೆ ಹೋದರೆ ತಪ್ಪಾಗುತ್ತದೆ. ಹೆಚ್ಚಿನ ಜಾತಿಗಳದ್ದು ಒಂದರಿಂದ ಎರಡು ವರ್ಷ ಅಷ್ಟೆ. ಹಿಡಿದು ತಂದದ್ದರಲ್ಲಿ ಎಷ್ಟು ಕಳೆದಿದೆ ಅಂತ ಯಾರೂ ಹೇಳಲಾರರು. ಹೆಣ್ಣಾದರೆ ಮೊಟ್ಟೆ ಇಟ್ಟು ಊಟ ಬಿಟ್ಟು ಕಾವಲು ಕೂತು ಸಾಯುತ್ತದೆ. ನಮ್ಮದು ಹಾಗೇ ಹೋಯಿತು. ಮೊಟ್ಟೆ ಕುಡಿಕೆಯ ಒಳಗೋಡೆಗೆ ಅಂಟಿಸಿ, ಅವುಗಳ ಮೇಲೆ ನೀರು ಊದುತ್ತಾ ಕೂತಿತ್ತು. ಏಡಿ ಪಕ್ಕದಲ್ಲೇ ಓಡಾಡಿದರೂ ಮುಟ್ಟಲಿಲ್ಲ.

ಮಾಂಜ್ರಾ ಏಡಿ ತಿನ್ನುತ್ತದೆ, ಆದರೆ ನಾನಾದರೆ ಹಾಕುವುದಿಲ್ಲ. ನಮ್ಮ ಕಡೆ ತೊಗರಿ, ಸೋಯಾ ಹೊಲಕ್ಕೆ ಹೊಡೆದ ಔಷಧ ಮಳೆಯಲ್ಲಿ ಹಳ್ಳಕ್ಕೆ, ನದಿಗೆ ಬರುತ್ತದೆ. ಸಮುದ್ರದ ಸಿಗಡಿ ಫ್ರೀಜ್ ಮಾಡಿದ್ದನ್ನು ಕಡ್ಡಿಗೆ ಚುಚ್ಚಿ ಆಡಿಸುತ್ತಾ ಕೊಟ್ಟರೆ ಅಭ್ಯಾಸವಾಗುತ್ತದೆ. ಜೂನ್, ಜುಲೈ ಎರಡು ತಿಂಗಳು ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ, ಆಗ ಫ್ರೀಜರ್ ತುಂಬಿರಬೇಕು.

ಚೌಬಾರಾ ಹುಡುಗ (ಬೀದರ್)

ಅಕ್ಕಾ, ಅಣ್ಣಾ, ಇಬ್ಬರಿಗೂ ಶರಣು. ಅಪ್ಪನಿಗೆ ಓದಿ ಹೇಳಿದೆ. ಬಸವನಹುಳು ನಾನು ಸಾಯಿಸಿದ್ದಾ ಅಂತ ಕೇಳಿ ಸ್ವಲ್ಪ ಹೊತ್ತು ಕೈ ನೋಡಿಕೊಂಡರು. ಆಮೇಲೆ ಒಂದು ಪ್ರಶ್ನೆ ಹಾಕಿದರು, ನನ್ನ ಹತ್ತಿರ ಉತ್ತರ ಇಲ್ಲ. ಆಕ್ಟೋಪಸ್ ರಕ್ತ ನೀಲಿ, ಅದರಲ್ಲಿ ತಾಮ್ರ ಇರುತ್ತದೆ ಅಂತ ಅವರು ಟಿವಿಯಲ್ಲಿ ನೋಡಿದ್ದಾರಂತೆ. ಮೈಯಲ್ಲೇ ತಾಮ್ರ ಇರುವ ಪ್ರಾಣಿಗೆ ತಾಮ್ರ ಹೇಗೆ ವಿಷ?

ಉಪ್ಪುನೀರು (ಕಲಬುರಗಿ)

ಅಪ್ಪನವರನ್ನು ನನ್ನ ಕ್ಲಾಸಿಗೆ ಕಳಿಸು. ಮುಂದಿನ ಬೆಂಚಿನವರೂ ಇದನ್ನು ಕೇಳಲ್ಲ.

ಅವರು ನೋಡಿದ್ದು ಸರಿ. ನಮ್ಮ ರಕ್ತದಲ್ಲಿ ಕಬ್ಬಿಣ ಆಮ್ಲಜನಕ ಹೊರುತ್ತದೆ, ಅದರ ರಕ್ತದಲ್ಲಿ ತಾಮ್ರ. ಆ ಪ್ರೋಟೀನಿನ ಹೆಸರು ಹೀಮೋಸಯನಿನ್. ಅಲ್ಲಿ ತಾಮ್ರ ಪ್ರೋಟೀನಿನೊಳಗೆ ಕಟ್ಟಿಹಾಕಿಕೊಂಡಿರುತ್ತದೆ, ಕೆಲಸ ಬಿಟ್ಟು ಅಲ್ಲಿ ಇಲ್ಲಿ ಹೋಗೋದಿಲ್ಲ. ನೀರಲ್ಲಿ ಕರಗಿದ ತಾಮ್ರ ಬಿಡಿಯಾಗಿ ಓಡಾಡುತ್ತದೆ. ಅದು ಕಿವಿರಿಗೆ ಅಂಟಿಕೊಂಡು, ಮೈಯೊಳಗಿನ ಉಪ್ಪನ್ನು ಹದದಲ್ಲಿ ಇಡುವ ಪಂಪುಗಳನ್ನೇ ನಿಲ್ಲಿಸುತ್ತದೆ. ನಮ್ಮ ರಕ್ತದಲ್ಲೂ ಕಬ್ಬಿಣ ಇದೆ, ಹಾಗಂತ ಮಗು ಕಬ್ಬಿಣದ ಮಾತ್ರೆಯ ಸ್ಟ್ರಿಪ್ ಪೂರಾ ನುಂಗಿದರೆ ಪ್ರಾಣಕ್ಕೇ ಅಪಾಯ.

ಇನ್ನು ಹಂಡೆ ನೀರಿನಿಂದ ಮನೆಯವರು ಹೆದರಬೇಡಿ. ಮನುಷ್ಯ ಕುಡಿಯೋಕೆ ಒಂದು ಮಟ್ಟ ಇದೆ, ಬಸವನಹುಳು ತಡೆಯೋಕೆ ಬೇರೆ ಮಟ್ಟ. ಲೋಟಕ್ಕೂ ಟ್ಯಾಂಕಿಗೂ ಹೋಲಿಸಬೇಡ.

ಬಿಡುಗಡೆ (ಸೇಡಂ)

ಎಲ್ಲ ಓದಿದೆ. ಎಲ್ಲರೂ ಹೇಗೆ ಸಾಕಬೇಕು ಅಂತ ಹೇಳುತ್ತಿದ್ದೀರಿ, ಯಾಕೆ ಸಾಕಬೇಕು ಅಂತ ಯಾರೂ ಕೇಳಲಿಲ್ಲ. ಸುಮಾರು 50 ಕೋಟಿ ನರಕೋಶ ಇರುವ ಪ್ರಾಣಿ. ಅದರಲ್ಲಿ ಮೂರರಲ್ಲಿ ಎರಡು ಪಾಲು ಕೈಗಳಲ್ಲೇ. ಬ್ರಿಟನ್ 2022ರ ಕಾನೂನಿನಲ್ಲಿ ಆಕ್ಟೋಪಸ್‌ಗಳನ್ನೂ ನೋವು, ಸುಖ ತಿಳಿಯುವ ಜೀವಿಗಳ ಪಟ್ಟಿಗೆ ಸೇರಿಸಿದೆ. ಅಂಥದ್ದನ್ನು ನಾಲ್ಕಡಿ ಗಾಜಿನಲ್ಲಿ ಇಟ್ಟು ವರ್ಷದಲ್ಲಿ ಸಾಯಿಸೋದು ಯಾವ ಶೋಕಿ?

ಫಿಶರೀಸ್ ಹಳೇ ವಿದ್ಯಾರ್ಥಿ (ಹುಮನಾಬಾದ್)

ನಿಮ್ಮ ಮಾತು ಅರ್ಧ ಒಪ್ಪುತ್ತೇನೆ ರೀ. ನಾಲ್ಕಡಿ ಟ್ಯಾಂಕ್ ದೊಡ್ಡ ಜಾತಿಗೆ ಸಾಲದು, ನಿಜ. ಬೇಜಾರಾದರೆ ಅದು ತನ್ನ ಕೈಯನ್ನು ತಾನೇ ಕಡಿದುಕೊಳ್ಳುವುದೂ ಉಂಟು. ಮುಚ್ಚಳ ಇರುವ ಡಬ್ಬಿಯೊಳಗೆ ಸಿಗಡಿ ಹಾಕಿ ಕೊಡೋದು, ಒಳಗಿನ ಕಲ್ಲು ಜಾಗ ಬದಲಿಸೋದು, ಏನಾದರೂ ಕೆಲಸ ಕೊಡುತ್ತಲೇ ಇರಬೇಕು. ಆದರೆ ದಕ್ಕೆಯಲ್ಲಿ ಬುಟ್ಟಿಗಟ್ಟಲೆ ಐಸ್ ಮೇಲೆ ಬೀಳೋದನ್ನು ನೋಡಿದವನು ನಾನು. ಒಂದನ್ನು ಚೆನ್ನಾಗಿ ನೋಡಿಕೊಂಡವನಿಗೆ ಬೈಯೋಕೆ ನನಗೆ ಬಾಯಿ ಬರಲ್ಲ.

ಉಪ್ಪುನೀರು (ಕಲಬುರಗಿ)

ಚೆನ್ನಾಗಿ ನೋಡಿಕೊಂಡರೆ ಅಂದಿರಲ್ಲ, ಅಲ್ಲೇ ಇದೆ ತೊಡಕು. ಉಪ್ಪುನೀರು ಒಂದು ಬೇಸಿಗೆ ದಾಟಿಸದವರು ಈ ಪ್ರಾಣಿ ತರಬಾರದು, ನನ್ನ ಅಭಿಪ್ರಾಯ ಇಷ್ಟೇ. ಆಕ್ಟೋಪಸ್ ಹೆದರಿ ನೀರಿಗೆ ಮಸಿ ಬಿಟ್ಟರೆ ಏನು ಮಾಡ್ತಾರೆ? ನೊರೆಯ ಜೊತೆ ಕೊಳೆ ಎತ್ತುವ ಸ್ಕಿಮ್ಮರ್ ಇರಬೇಕು, ನೀರು ಸೋಸುವ ಕಾರ್ಬನ್ ಇರಬೇಕು, ಕಲಸಿ ಇಟ್ಟ ಉಪ್ಪುನೀರು ಡ್ರಮ್ಮಿನಲ್ಲಿ ಸಿದ್ಧ ಇರಬೇಕು. ಇದೆಲ್ಲ ಕೈಗೆ ಹತ್ತೋಕೆ ಸಮಯ ಬೇಕು.

ಚೌಬಾರಾ ಹುಡುಗ (ಬೀದರ್)

ಕಾಪರ್ ಕಿಟ್ ಬಂತು. ಹಂಡೆ ನೀರಲ್ಲೂ ಗೋಲ್ಡ್ ಫಿಶ್ ನೀರಲ್ಲೂ ಬಣ್ಣ ಬಂತು. ಹಂಡೆಯದು ಸ್ವಲ್ಪ ಗಾಢ. ನೇರ ನಲ್ಲಿಯಿಂದ ಹಿಡಿದ ನೀರಲ್ಲಿ ಬಣ್ಣವೇ ಬರಲಿಲ್ಲ. ಅಪ್ಪ ಇದನ್ನು ನೋಡಿ, ಮೀನಿಗೆ ಇನ್ನು ಮೇಲೆ ಚಮಚದಿಂದ ಹಾಕ್ತೀನಿ ಅಂದರು. ಅವರಿಗೆ ಬೇಜಾರಾಗಿದೆ, ಮೀನಿಗೂ ಆಗಿರಬಹುದು.

ಅಂಗಡಿಯವರಿಗೆ ಬೇಡ ಅಂದೆ. ಮಾಳಿಗೆ ಮೇಲೆ ಉಪ್ಪುನೀರಿನ ಟ್ಯಾಂಕ್ ಹಾಕ್ತೀನಿ. ಮೊದಲು ಸನ್ಯಾಸಿ ಏಡಿ, ಬಸವನಹುಳು. ಅವು ಮುಂದಿನ ಮೇ ದಾಟಿದರೆ ಆಮೇಲೆ ನೋಡೋಣ. ಅಕ್ಕಾ, ಕಲ್ಲಿಗೆ ಶಹಾಬಾದ್ ಫರ್ಸಿ ತುಂಡು ನಡೆಯುತ್ತಾ? ಮನೆಯಲ್ಲಿ ನೆಲ ಹಾಕಿಸಿ ಉಳಿದದ್ದು ಬಿದ್ದಿದೆ. ಇಲ್ಲ ಹವಳದ ಕಲ್ಲೇ ತರಬೇಕಾ?

ಉಪ್ಪುನೀರು (ಕಲಬುರಗಿ)

ಹವಳದ ಕಲ್ಲಿನ ತಂಟೆಗೆ ಹೋಗಬೇಡ. ನಮ್ಮ ಸಮುದ್ರದ ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿದೆ. ಹುಲಿ ಇರುವ ಪಟ್ಟಿ ಅದು. ಅಂಗಡಿಯಲ್ಲಿ ಇಟ್ಟಿದ್ದಾರೆ ಅಂದ ಮಾತ್ರಕ್ಕೆ ಮಾರಬಹುದು ಅಂತಲ್ಲ.

ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ. ಸಿಹಿನೀರಲ್ಲಿ ಗಡಸುತನ ಏರಿಸುತ್ತದೆ ಅಂತ ಬೇಡ ಅನ್ನುತ್ತಾರೆ. ಉಪ್ಪುನೀರಿಗೆ ತೊಂದರೆ ಇಲ್ಲ, ನನ್ನ ಟ್ಯಾಂಕಿನಲ್ಲೂ ಇದೆ. ಆದರೆ ನಿನ್ನ ಮನೆಯ ತುಂಡು ಎಲ್ಲಿ ಬಿದ್ದಿತ್ತು ಅಂತ ನೋಡು. ಹಿಂದಿನ ಕೋಣೆಯಲ್ಲಿದ್ದರೆ ಬೇಡ. ಪಾಲಿಶ್ ಆಗಿದ್ದೂ ಬೇಡ, ಒರಟು ಮುಖದ್ದು ತಗೋ. ಬ್ರಷ್‌ನಿಂದ ತಿಕ್ಕಿ, ಆರ್‌ಒ ನೀರಲ್ಲಿ ಕೆಲವು ದಿನ ನೆನೆಹಾಕಿ, ಆ ನೀರಿಗೆ ಕಾಪರ್ ಕಿಟ್ ಹಾಕಿ ನೋಡಿ ಆಮೇಲೆ ಇಳಿಸು. ಒಂದರ ಮೇಲೊಂದು ಪೇರಿಸುವಾಗ ಗಾಜಿಗೆ ಒರಗಿಸಬೇಡ.

ಹೈದರಾಬಾದ್‌ಗೆ ಹೋದಾಗ ನೀರಿನ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಒಂದು ತಗೊಂಡು ಬಾ. ತೇಲುವ ಮುಳ್ಳಿನ ಪ್ಲಾಸ್ಟಿಕ್ ಮೀಟರ್ ಕೊಡೋಕೆ ನೋಡುತ್ತಾರೆ, ಅದರಲ್ಲಿ ಒಂದು ಗುಳ್ಳೆ ಅಂಟಿಕೊಂಡರೂ ಲೆಕ್ಕ ತಪ್ಪುತ್ತದೆ. ನೀರಿನ ಸಾಪೇಕ್ಷ ಸಾಂದ್ರತೆ 1.025 ಬರೋವರೆಗೆ ಏಡಿ ತರಬೇಡ.